ಕಾವು, ಹೆಸರು, ಒಡೆತನ: ಮುಕ್ತ ತಂತ್ರಾಂಶದ ಪೋಷಣಾವಿಧಿಯನ್ನು ತತ್ವಪದ ಪರಂಪರೆಯ ನೆಲೆಯಿಂದ ಕಂಡಂತೆ

ಜನಪದ ಕೃತಿಯ ಒಡೆಯರು ಯಾರು ಎಂಬ ಪ್ರಶ್ನೆ ನಮ್ಮ ಅಧ್ಯಯನಶಿಸ್ತಿನಷ್ಟೇ ಹಳೆಯದು. ಅದೇ ಪ್ರಶ್ನೆ ಗಣಕಲೋಕದಲ್ಲಿ ಬೇರೊಂದು ವೇಷದಲ್ಲಿ ಎದುರಾಗಿದೆ. ಹಲವರು ಕೂಡಿ ಬರೆದ, ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶವು ಮುಕ್ತ ತಂತ್ರಾಂಶವೆನಿಸುತ್ತದೆ. ಅದು ಒಂದು ಪ್ರತಿಷ್ಠಾನದ ಆಶ್ರಯಕ್ಕೆ ಬರುವಾಗ ಕಳೆಯಬೇಕಾದ ಪರೀಕ್ಷಾವಧಿಗೆ ‘ಇನ್‌ಕ್ಯುಬೇಶನ್’, ಅಂದರೆ ಕಾವಿಗೆ ಕೂರಿಸುವುದು, ಎಂದು ಹೆಸರು. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಾಡುಗಳನ್ನು ಸಂಗ್ರಹಿಸಿ ಸಂಸ್ಥೆಗಳಿಗೆ ಒಪ್ಪಿಸುವ ಕಾರ್ಯದಲ್ಲಿ ತೊಡಗಿದವರು ಈ ವಿಧಿಯ ಗುಣದೋಷಗಳನ್ನು ಅರಿಯುವುದು ಅಗತ್ಯವೆಂಬ ದೃಷ್ಟಿಯಿಂದ ಅದನ್ನಿಲ್ಲಿ ಪರಿಶೀಲಿಸಲಾಗಿದೆ.

1999ರಲ್ಲಿ ಸ್ಥಾಪನೆಗೊಂಡ ಅಪಾಚೆ ತಂತ್ರಾಂಶ ಪ್ರತಿಷ್ಠಾನವು 2002ರಲ್ಲಿ ಈ ಪೋಷಣಾವಿಧಿಯನ್ನು ರೂಪಿಸಿತು. ಹೊಸಬರಿಗೆ ದಾರಿ ತೋರಲು ಅನುಭವಿಗಳನ್ನು ಮಾರ್ಗದರ್ಶಕರಾಗಿ ನೇಮಿಸಲಾಗುತ್ತದೆ. ನಿಯತಕಾಲಕ್ಕೆ ವರದಿ ಒಪ್ಪಿಸಬೇಕು. ನಿರ್ಣಯಗಳು ಎಲ್ಲರ ಕಣ್ಣೆದುರು ಆಗಬೇಕು. ಹೊಸ ಆವೃತ್ತಿ ಹೊರಬರಲು ಕನಿಷ್ಠ ಮೂವರು ಅರ್ಹರ ಸಮ್ಮತಿ ಬೇಕು. ಇಲ್ಲಿ ಪರೀಕ್ಷೆಗೊಳಗಾಗುವುದು ಮುಖ್ಯವಾಗಿ ಕೃತಿಯಲ್ಲ, ಅದರ ಸುತ್ತಣ ಜನ ಎಂಬುದು ಗಮನಾರ್ಹ. ಒಬ್ಬ ವ್ಯಕ್ತಿಯೋ ಒಂದು ಕಂಪನಿಯೋ ಹಿಂದೆ ಸರಿದರೂ ಕೆಲಸ ನಡೆದೀತೆ ಎಂಬುದೇ ಅಲ್ಲಿನ ಪ್ರಶ್ನೆ. ಬರೆದವರ ಕೃತಿಸ್ವಾಮ್ಯವನ್ನು ಪ್ರತಿಷ್ಠಾನ ಕಸಿಯುವುದಿಲ್ಲ. ಬಳಕೆಯ ಅನುಮತಿಯನ್ನಷ್ಟೇ ಪಡೆಯುತ್ತದೆ. ಆದರೆ ಹೆಸರು ಮಾತ್ರ ಪೂರ್ತಿಯಾಗಿ ಪ್ರತಿಷ್ಠಾನದ್ದಾಗುತ್ತದೆ.

ಎಳೆಯ ಕೃತಿಗೆ ಈ ವಿಧಿ ಹೊಂದುತ್ತದೆ. ಬಲಿತ ಕೃತಿಯನ್ನು ಕಾವಿಗೆ ಕೂರಿಸುವುದೆಂದರೆ ಮೊಟ್ಟೆಯ ಬದಲು ಕೋಳಿಯನ್ನೇ ಬುಟ್ಟಿಯಲ್ಲಿ ಮುಚ್ಚಿದಂತೆ. ಓಪನ್ ಆಫೀಸ್ ಇದಕ್ಕೆ ತಕ್ಕ ನಿದರ್ಶನ. ಸನ್ ಕಂಪನಿ ಜರ್ಮನಿಯ ಸಂಸ್ಥೆಯೊಂದರಿಂದ 1999ರಲ್ಲಿ ಕೊಂಡು 2000ದಲ್ಲಿ ಮುಕ್ತಗೊಳಿಸಿದ ಈ ಬರವಣಿಗೆಯ ತಂತ್ರಾಂಶ 2010ರಲ್ಲಿ ಒರಾಕಲ್ ಕಂಪನಿಯ ವಶವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದನ್ನು ಕಟ್ಟಿ ಬೆಳೆಸಿದ ಅನೇಕರು ಹೊರನಡೆದು, ಡಾಕ್ಯುಮೆಂಟ್ ಫೌಂಡೇಶನ್ ಸ್ಥಾಪಿಸಿ, ಲಿಬ್ರೆ ಆಫೀಸ್ ಎಂಬ ಕವಲನ್ನು ಆರಂಭಿಸಿದರು. ಒರಾಕಲ್ 2011ರ ಜೂನ್‌ನಲ್ಲಿ ಮೂಲ ಸಂಕೇತವನ್ನೂ ಹೆಸರನ್ನೂ ಅಪಾಚೆಗೆ ದಾನವಿತ್ತಿತು. 2012ರ ಅಕ್ಟೋಬರಿನಲ್ಲಿ ಯೋಜನೆ ಪರೀಕ್ಷಾವಧಿಯನ್ನು ಮುಗಿಸಿ ತೇರ್ಗಡೆಯಾಯಿತು. ವಿಧಿಯಂತೆ ಎಲ್ಲವೂ ಸರಿಯಾಗಿತ್ತು. ಆದರೂ 2016ರಲ್ಲಿ ಯೋಜನೆಯ ಮುಖ್ಯಸ್ಥರೇ ಅದನ್ನು ನಿವೃತ್ತಿಗೊಳಿಸುವ ಸಾಧ್ಯತೆಯ ಚರ್ಚೆಯನ್ನೆತ್ತಬೇಕಾಯಿತು. ದೋಷಗಳನ್ನು ತಿದ್ದಲು ಸಾಕಷ್ಟು ಕೈಗಳಿರಲಿಲ್ಲ. ಸಮುದಾಯವೇ ಮೊದಲೆಂದು ಸಾರುವ ಪ್ರತಿಷ್ಠಾನಕ್ಕೆ ದಾನಪತ್ರ ಬರೆದವರು ಸಮುದಾಯದವರಲ್ಲ, ಕಾನೂನಿನ ಒಡೆಯರು. ಗಂಟು ಬಂತು, ಮೇಳ ಬರಲಿಲ್ಲ. ಈ ವಿಧಿಯ ಮೂಲದೋಷ ಇಲ್ಲಿದೆ ಎಂದು ನನ್ನ ಅಭಿಪ್ರಾಯ.

ನಮ್ಮ ನಾಡಿನ ತುಳು ವಿಕಿಪೀಡಿಯ ಇದಕ್ಕೆ ವ್ಯತಿರಿಕ್ತವಾದುದು. ವಿಕಿಮೀಡಿಯ ಪ್ರತಿಷ್ಠಾನದ ಇನ್‌ಕ್ಯುಬೇಟರಿನಲ್ಲಿ ಸುಮಾರು ಎಂಟು ವರ್ಷ ಕಾದು 2016ರ ಆಗಸ್ಟ್‌ನಲ್ಲಿ ಅದು ಸ್ವತಂತ್ರ ತಾಣವಾಯಿತು. ಸತತವಾಗಿ ಬರೆಯುವವರಿದ್ದಾರೆಯೆ, ಬಳಕೆಯ ಸೂಚನೆಗಳು ಆ ಭಾಷೆಯಲ್ಲಿವೆಯೆ ಎಂಬುದನ್ನು ನೋಡಿಯೇ ಅಲ್ಲಿ ಅನುಮತಿ. ಎಂಟು ವರ್ಷ ದೀರ್ಘವೇ ಹೌದು. ತಡವಾದರೂ ಬರೆಯುವ ಜನ ಮೊದಲು ಬಂದರು, ತಾಣ ಆಮೇಲೆ ಬಂತು.

ಈ ಬೆಳಕಿನಲ್ಲಿ ಕಲಬುರಗಿ ಸೀಮೆಯನ್ನು ನೋಡಬೇಕು. ಕಡಕೋಳ ಮಡಿವಾಳಪ್ಪನವರು ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿ, ಬಹುಕಾಲ ಜೇವರ್ಗಿ ತಾಲೂಕಿಗೆ ಸೇರಿದ್ದ, ಇಂದು ಯಡ್ರಾಮಿ ತಾಲೂಕಿನಲ್ಲಿರುವ ಕಡಕೋಳದಲ್ಲಿ ನೆಲೆನಿಂತವರು. ಚೆನ್ನೂರ ಜಲಾಲಸಾಹೇಬರು ಅವರ ಶಿಷ್ಯಪರಂಪರೆಯವರು. ಆಳಂದದ ಕಡೆ ಭಜನೆಯ ಪದಗಳ ಜೊತೆಗೆ ಮೊಹರಂ ಪದಗಳೂ ಬಾಳಿವೆ. ತತ್ವಪದದ ಕೊನೆಯ ನುಡಿಯಲ್ಲಿ ಬರುವ ಅಂಕಿತ ಹಲವು ವೇಳೆ ಗುರುವಿನ ಹೆಸರೇ ಆಗಿರುತ್ತದೆ. ಶಿಷ್ಯನು ತನ್ನ ಹೆಸರನ್ನು ಬಿಟ್ಟು ಗುರುವಿನ ಹೆಸರನ್ನು ಹೊರುತ್ತಾನೆ. ಹೆಸರನ್ನು ಒಪ್ಪಿಸುವ ಕ್ರಿಯೆ ಇಲ್ಲಿಯೂ ಉಂಟು, ಆದರೆ ದಿಕ್ಕು ಬೇರೆ. ಅಪಾಚೆಯಲ್ಲಿ ಹೆಸರಿನ ಬಳಕೆಗೆ ಪ್ರತಿಷ್ಠಾನದ ಕಟ್ಟುಪಾಡಿದೆ. ಇಲ್ಲಿ ಹೆಸರೆಂಬುದು ಹೊಸಬನು ಒಳಬರುವ ಬಾಗಿಲು. ಒಂದೇ ಅಂಕಿತದ ಕೆಳಗೆ ಹಲವರ ಪದಗಳು ಸೇರುವುದರಿಂದ ಸಂಪಾದಕರಿಗೆ ಕರ್ತೃನಿರ್ಣಯ ಕಷ್ಟವಾಗುತ್ತದೆ. ಆ ಕಷ್ಟವನ್ನು ಪರಂಪರೆಯ ದೋಷವೆಂದು ಬಗೆಯುವ ರೂಢಿ ನಮ್ಮಲ್ಲಿದೆ. ಅದು ಸರಿಯಲ್ಲ.

ನಮ್ಮ ಸಂಗ್ರಹಕಾರ್ಯಕ್ಕೂ ಒರಾಕಲ್‌ನ ದಾನಕ್ಕೂ ಅಹಿತಕರವಾದ ಸಾಮ್ಯವಿದೆ. ಸಂಗ್ರಾಹಕನು ಹಸ್ತಪ್ರತಿಯನ್ನೂ ಧ್ವನಿಮುದ್ರಿಕೆಯನ್ನೂ ಸಂಸ್ಥೆಗೆ ಒಪ್ಪಿಸುತ್ತಾನೆ, ಸಹಿಯೂ ಅವನದೇ. ಏಕತಾರಿ ಹಿಡಿದು ಹಾಡಿದ ಮೇಳದವರು ಆ ಕಾಗದದಲ್ಲಿ ‘ವಕ್ತೃ’ಗಳಾಗಿ ಮಾತ್ರ ಉಳಿಯುತ್ತಾರೆ. ಸಂಪುಟ ಅಚ್ಚಾದ ಮೇಲೆ ಪಾಠ ಸ್ಥಿರಗೊಳ್ಳುತ್ತದೆ. ಹಾಡುವವರ ಬಾಯಲ್ಲಿ ಅದು ಬದಲಾಗುತ್ತಲೇ ಇರುತ್ತದೆ. ಮುಕ್ತ ತಂತ್ರಾಂಶದಲ್ಲಾದರೋ ಅಪರಿಚಿತನೂ ತಿದ್ದುಪಡಿ ಕಳುಹಿಸಬಹುದು. ಒಪ್ಪಲಿ ಬಿಡಲಿ, ಕಾರಣವನ್ನು ಎಲ್ಲರೆದುರು ಹೇಳುವುದು ಅಲ್ಲಿನ ಶಿಷ್ಟಾಚಾರ. ನಮ್ಮ ಪಾಠಾಂತರಗಳಿಗೆ ಅಡಿಟಿಪ್ಪಣಿಯ ಹೊರತು ಬೇರೆ ತಾಣವಿಲ್ಲ.

ಆದುದರಿಂದ ಅಕಾಡೆಮಿಯು ಸಂಗ್ರಹವೊಂದನ್ನು ಸ್ವೀಕರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳ ಕ್ರಮವೇ ಬದಲಾಗಬೇಕು. ಈ ಪದಗಳನ್ನು ಈಗ ಯಾವ ಊರಿನಲ್ಲಿ ಯಾರು ಹಾಡುತ್ತಿದ್ದಾರೆ, ಅವರಲ್ಲಿ ಕಿರಿಯರೆಷ್ಟು ಎಂಬುದು ಮೊದಲು. ಪ್ರತಿಯ ಶುದ್ಧಾಶುದ್ಧ ಅನಂತರ. ಒಪ್ಪಂದದಲ್ಲಿ ಮೇಳದವರ ರುಜುವೂ ಇರತಕ್ಕದ್ದು. ಧ್ವನಿಮುದ್ರಿಕೆಯ ಒಂದು ಪ್ರತಿ ಹಾಡಿದವರ ಊರಿಗೇ ಮರಳತಕ್ಕದ್ದು. ಸಂಪುಟ ಹೊರಬಂದ ಮೇಲೆ ಚೆನ್ನೂರಿನಲ್ಲಿ ಒಬ್ಬರು ಬೇರೊಂದು ನುಡಿಯನ್ನು ಹಾಡಿದರೆ, ಅದನ್ನು ಹಾಡಿದವರ ಹೆಸರಿನೊಡನೆ ಮುಂದಿನ ಆವೃತ್ತಿಗೆ ಸೇರಿಸುವ ಹೊಣೆ ಯಾರದೆಂಬುದನ್ನು ಮುದ್ರಣಕ್ಕೆ ಮೊದಲೇ ಗೊತ್ತುಪಡಿಸತಕ್ಕದ್ದು.