ಗಿಡ ನೋಡುವ ಕಣ್ಣು, ಪೇಟೆ ನೋಡುವ ಕಣ್ಣು

ಷೇರು ಕೊಳ್ಳುವುದು ಬೀಜ ಬಿತ್ತಿದ ಹಾಗೆ, ದಿನಾ ನೋಡಿಕೊಂಡು ತಾಳ್ಮೆಯಿಂದ ಕಾದರೆ ಮರವಾಗುತ್ತದೆ ಎಂಬ ಮಾತು ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಯಾರ ಬಾಯಲ್ಲಾದರೂ ಕೇಳಸಿಗುತ್ತದೆ. ಮ್ಯೂಚುವಲ್ ಫಂಡಿನ ಜಾಹೀರಾತುಗಳಲ್ಲಂತೂ ನಾಣ್ಯದ ರಾಶಿಯಿಂದಲೇ ಸಸಿ ಮೊಳೆಯುತ್ತದೆ. ಕೆಲಸಕ್ಕೆಂದು ಇಲ್ಲಿಗೆ ಬಂದು ಬೇರೂರಿದ ಕನ್ನಡದ ಮನೆಗಳಲ್ಲೂ, ತಾರಸಿಯಲ್ಲಿ ಕುಂಡಗಳನ್ನೂ ಮೊಬೈಲಿನಲ್ಲಿ ಡಿಮ್ಯಾಟ್ ಖಾತೆಯನ್ನೂ ಇಟ್ಟುಕೊಂಡವರು ಇದನ್ನು ಅನುಭವದ ಮಾತೆಂದೇ ಹೇಳುತ್ತಾರೆ. ವಡೋದರಾದಲ್ಲಿ ನಾನೂ ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದಿಡುತ್ತೇನೆ. ಎಡಪುಟದಲ್ಲಿ ಗಿಡ, ಬಲಪುಟದಲ್ಲಿ ಪೇಟೆ. ಎರಡನ್ನೂ ಜೊತೆಗಿಟ್ಟು ಓದಿದಷ್ಟೂ ಈ ಹೋಲಿಕೆ ಸುಳ್ಳೆಂದೂ, ಜನರಿಗೆ ಇದರಿಂದ ಕೇಡಾಗುತ್ತಿದೆಯೆಂದೂ ನನಗೆ ಖಚಿತವಾಗುತ್ತಿದೆ.

ಇಲ್ಲಿಯ ವಸಂತ ಬಲು ಗಿಡ್ಡ. ಹೋಳಿ ಕಳೆಯಿತೆಂದರೆ ಬಿಸಿಲು ನಲವತ್ತರತ್ತ ಏರತೊಡಗುತ್ತದೆ. ಫೆಬ್ರವರಿಯಲ್ಲೇ ಬೆಂಡೆ, ಗೋರಿ, ಹೀರೆ, ಸೋರೆ ಹಾಕಿಬಿಡಬೇಕು. ಬೆಂಡೆ ನಾಲ್ಕೆಲೆ ಬಿಟ್ಟಾಗಿನಿಂದ ಪ್ರತಿದಿನ ಎಲೆ ಮಗುಚಿ ನೋಡಬೇಕು. ಬಿಳಿನೊಣ ಕೂರುವುದು ಎಲೆಯ ಅಡಿಯಲ್ಲಿ. ಹಳದಿ ನಂಜುರೋಗವನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು ಅದೇ. ನರಗಳೆಲ್ಲ ಹಳದಿಗೆ ತಿರುಗಿದ ಗಿಡಕ್ಕೆ ಮದ್ದಿಲ್ಲ, ಕಿತ್ತೆಸೆಯಬೇಕು. ನೊಣ ಇವತ್ತೇ ಕಣ್ಣಿಗೆ ಬಿದ್ದರೆ ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಸಿಂಪಡಿಸಬಹುದು. ನಾಲ್ಕು ದಿನ ತಡವಾದರೆ ಪಕ್ಕದ ಕುಂಡಗಳೂ ಹೋದವು. ರಾಸಾಯನಿಕ ಬಿಟ್ಟವನಿಗೆ ಈ ನೋಟವೇ ಮುಖ್ಯ ಔಷಧಿ.

ಸಾವಯವವೆಂದರೆ ಪ್ರಕೃತಿಗೆ ಬಿಟ್ಟು ಸುಮ್ಮನಿರುವುದು ಎನ್ನುವವರೂ ಇದ್ದಾರೆ. ಅವರು ಉದಾಹರಣೆಗೆ ಎಳೆದು ತರುವುದು ವಲ್ಸಾಡ್ ಜಿಲ್ಲೆಯ ದೆಹರಿಯಲ್ಲಿ 'ಕಲ್ಪವೃಕ್ಷ' ತೋಟ ಕಟ್ಟಿದ ಭಾಸ್ಕರ ಸಾವೆಯವರನ್ನು. ಆದರೆ ಸಾವೆಯವರು ಏರಿ ಮತ್ತು ಕಂದಕಗಳನ್ನು ಲೆಕ್ಕಹಾಕಿ ತೆಗೆಸಿ, ಯಾವ ಗಿಡದ ಪಕ್ಕ ಯಾವುದು ಬರಬೇಕೆಂದು ಯೋಚಿಸಿ ನೆಟ್ಟವರು. ಅಲ್ಲಿ ತಾಳ್ಮೆಯ ತುಂಬ ಕೆಲಸವಿತ್ತು.

ಈಗ ಬಲಪುಟ. 2024ರ ಜೂನ್ 4ರಂದು, ಲೋಕಸಭಾ ಚುನಾವಣೆಯ ಫಲಿತಾಂಶದ ದಿನ, ಸೆನ್ಸೆಕ್ಸ್ 4,389 ಅಂಕ ಕುಸಿಯಿತು. ಜೂನ್ 7ಕ್ಕೆ ಕುಸಿತದ ಹಿಂದಿನ ಮಟ್ಟವನ್ನೂ ದಾಟಿ ಮೇಲೆ ನಿಂತಿತು. ಆ ನಾಲ್ಕು ದಿನ ಬೆಳಿಗ್ಗೆ 9.15ರಿಂದ 3.30ರವರೆಗೆ ಕಣ್ಣು ಕೀಳದೆ ಕೂತವನಿಗೆ ಕೈಗೂಡಿದ್ದೇನು? ಹೆದರಿ ಮಾರಿದ್ದರೆ ನಷ್ಟ. ಮಾರದೆ ಇದ್ದರೆ, ನೋಡದೇ ಇದ್ದವನಿಗೆ ಸಿಕ್ಕಷ್ಟೇ ಸಿಕ್ಕಿತು. ಎಲೆ ಮಗುಚಿದರೆ ಕಾರಣ ಕಾಣುತ್ತದೆ. ಪೇಟೆಯ ಕಾರಣವನ್ನು ಟೀವಿಯವರು ಸಂಜೆ ಹೇಳುತ್ತಾರೆ, ಅದೂ ಎಲ್ಲ ಮುಗಿದ ಮೇಲೆ. ನನ್ನ ನೋಟದಿಂದ ಗಿಡ ಉಳಿಯಬಹುದು, ಬೆಲೆಗೆ ನನ್ನ ನೋಟ ತಾಗುವುದೇ ಇಲ್ಲ. ತಾಗುವುದು ನನ್ನ ಬೆರಳಿಗೆ, ಏಕೆಂದರೆ ಬೆಲೆಯ ಕೆಳಗೇ ಕೊಳ್ಳುವ, ಮಾರುವ ಗುಂಡಿಗಳಿವೆ.

2024ರ ಸೆಪ್ಟೆಂಬರಿನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯಾಪಾರಕ್ಕಿಳಿದ ಬಿಡಿ ವ್ಯಾಪಾರಿಗಳಲ್ಲಿ ಶೇ. 93 ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಇವರೇನು ಸೋಮಾರಿಗಳಲ್ಲ. ಆ ವ್ಯಾಪಾರವೇ ಗಳಿಗೆ ಗಳಿಗೆಗೂ ನೋಡಬೇಕಾದದ್ದು. ತೋಟದ ಹೋಲಿಕೆ ಇಂಥವರಿಗೆ ಮಾಡುವ ದೊಡ್ಡ ಅನ್ಯಾಯವೆಂದರೆ, ಕೈ ಸುಟ್ಟುಕೊಂಡವನು ತನ್ನ ಆರೈಕೆಯಲ್ಲೇ ಕೊರತೆಯಿತ್ತೆಂದು ಕೊರಗುವಂತೆ ಮಾಡುವುದು.

ನಾವು ಜೂಜಾಡುವವರಲ್ಲ, ದೀರ್ಘಾವಧಿಯವರು ಎಂದು ಕೆಲವರು ಹೇಳುತ್ತಾರೆ. ಅವರ ದಾರಿ ಹೆಚ್ಚು ಸುರಕ್ಷಿತ, ಒಪ್ಪುತ್ತೇನೆ. ಆದರೂ ಅದು ಬೇಸಾಯವಲ್ಲ. ಪೇಟೆಯಲ್ಲಿ ಕೊಂಡ ಷೇರಿನ ದುಡ್ಡು ಹೋಗುವುದು ಮಾರಿದವನ ಜೇಬಿಗೆ. ಕಂಪನಿಯ ಬೇರಿಗೆ ಅದರಿಂದ ಹನಿ ನೀರೂ ಬೀಳುವುದಿಲ್ಲ. ಇನ್ನು ಪೇಟೆಗೂ ಮಣ್ಣಿಗೂ ನಿಜವಾಗಿ ಇದ್ದ ನಂಟನ್ನು ನೋಡಬೇಕಾದರೆ 1860ರ ದಶಕಕ್ಕೆ ಹೋಗಬೇಕು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಗಗನಕ್ಕೇರಿತು. ಗುಜರಾತಿನ ಕರಿಮಣ್ಣಿನಲ್ಲೂ ನಮ್ಮ ಧಾರವಾಡ ಸೀಮೆಯಲ್ಲೂ ಹತ್ತಿಯ ಹೊಲಗಳು ಹಬ್ಬಿದವು. ಆ ಹಣ ಮುಂಬಯಿಗೆ ಹರಿದು, ಸೂರತ್‌ನಲ್ಲಿ ಹುಟ್ಟಿದ ಪ್ರೇಮಚಂದ್ ರಾಯಚಂದ್‌ರಂಥವರ ಕೈಯಲ್ಲಿ ಬ್ಯಾಂಕುಗಳ, ಸಮುದ್ರ ತುಂಬುವ ಕಂಪನಿಗಳ ಷೇರಾಯಿತು. 1865ರಲ್ಲಿ ಯುದ್ಧ ಮುಗಿಯಿತು, ಪೇಟೆ ನೆಲಕಚ್ಚಿತು. ಬಿತ್ತಿದವನು ಒಬ್ಬ, ಕೊಯ್ದವನು ಇನ್ನೊಬ್ಬ. ಪೇಟೆಯೇ ಹೊಲವನ್ನು ಬದಲಿಸಿತು, ಹೊಲದ ನಿಯಮ ಪೇಟೆಗೆ ಹತ್ತಲಿಲ್ಲ.

ಆ ನಂಟು ಈಗಲೂ ಇದೆ, ನಮ್ಮ ಮಗ್ಗುಲಲ್ಲೇ. ವಡೋದರಾದ ಕಾರ್ಖಾನೆಗಳ ತ್ಯಾಜ್ಯ ನೀರನ್ನು ಖಂಭಾತ್ ಕೊಲ್ಲಿಯತ್ತ ಒಯ್ಯುವ, ಸುಮಾರು 55 ಕಿ.ಮೀ. ಉದ್ದದ ಕಾಲುವೆ 1983ರಿಂದ ಪಾದ್ರಾ, ಜಂಬೂಸರ್ ತಾಲ್ಲೂಕುಗಳ ಹೊಲಗಳ ನಡುವೆ ಹರಿಯುತ್ತಿದೆ. ಬೇರೆ ನೀರಿಲ್ಲದ ರೈತರು ಅದನ್ನೇ ಹೊಲಕ್ಕೆ ಎತ್ತಿದ್ದಾರೆ. ಪಾದ್ರಾ ನಮ್ಮೂರಿಗೆ ತರಕಾರಿ ಕಳಿಸುವ ಸೀಮೆ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಲಿನ್ಯ ಸೂಚ್ಯಂಕದಲ್ಲಿ ದೇಶಕ್ಕೇ ಮೊದಲು ನಿಂತದ್ದು ವಡೋದರಾ ಮತ್ತು ಸೂರತ್‌ಗಳ ನಡುವಿನ ಅಂಕಲೇಶ್ವರ, 88.50 ಅಂಕದೊಂದಿಗೆ. ತಾರಸಿಯ ಹತ್ತು ಕುಂಡಗಳಿಗೆ ಜೀವಾಮೃತ ಹಾಕಿ, ಇಂಥ ಸೀಮೆಯ ರಾಸಾಯನಿಕ ಕಂಪನಿಗಳ ಬೆಲೆಯನ್ನಷ್ಟೇ ದಿನಾ ನೋಡುವುದು ನನಗೆ ಸರಿಕಾಣುವುದಿಲ್ಲ. ಗಿಡ ಕಲಿಸಿದ ಕಣ್ಣನ್ನು ಪೇಟೆಗೆ ತರಲೇಬೇಕೆಂದಿದ್ದರೆ ತರಬೇಕಾದ ಜಾಗ ಇದು: ಒಳಗೆ ಏನು ಹೋಯಿತು, ಹೊರಗೆ ಏನು ಬಂತು.

ಅದಕ್ಕೆ ದಾಖಲೆಯೂ ಇದೆ. ಷೇರುಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದ ಲೆಕ್ಕದಲ್ಲಿ ಮೊದಲ 1000 ಕಂಪನಿಗಳು ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಕೊಡುವುದನ್ನು ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ಎಷ್ಟು ನೀರು ಎತ್ತಿದರು, ಎಷ್ಟನ್ನು ಶುದ್ಧಗೊಳಿಸಿ ಎಲ್ಲಿಗೆ ಬಿಟ್ಟರು ಎಂಬುದನ್ನು ಅದರಲ್ಲಿ ಬರೆಯಬೇಕು. ವರ್ಷಕ್ಕೊಮ್ಮೆ ಬರುವ ಆ ಪುಟಗಳನ್ನು ಓದಲು ಒಂದು ಸಂಜೆ ಸಾಕು. ಯೂರಿಯಾ ಮುಟ್ಟದ ಗೆಳೆಯರಿಗೆ ನಾನು ಹೇಳುವುದಿಷ್ಟೆ: ನಿಮ್ಮ ಖಾತೆಯಲ್ಲಿರುವ ಕಂಪನಿಯ ನೀರು ಎಲ್ಲಿ ಸೇರುತ್ತದೆಂದು ಆ ವರದಿಯಲ್ಲಿ ಹುಡುಕಿ, ಸಿಗದಿದ್ದರೆ ವಾರ್ಷಿಕ ಮಹಾಸಭೆಯಲ್ಲಿ ಎದ್ದು ಕೇಳಿ. ಒಂದೇ ಷೇರು ಇದ್ದವರಿಗೂ ಆ ಸಭೆಗೆ ಪ್ರವೇಶವಿದೆ.