ಹೆಲ್ಮೆಟ್ ಕಾಯದ ಮೈ

ಬೈಕ್ ಕೊಳ್ಳುವಾಗ ಎಂಜಿನ್ ನೋಡುತ್ತೇವೆ, ಮೈಲೇಜ್ ಕೇಳುತ್ತೇವೆ. ಹ್ಯಾಂಡಲ್‌ನ ತುದಿಯನ್ನು ಮಾತ್ರ ಯಾರೂ ನೋಡುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರದ ಸಂತೆಗಳಲ್ಲಿ ಸಾಲಾಗಿ ನಿಂತ ಗಾಡಿಗಳನ್ನು ಗಮನಿಸಿ. ಎಷ್ಟೋ ಗಾಡಿಗಳಲ್ಲಿ ರಬ್ಬರ್ ಗ್ರಿಪ್ ಹರಿದು ಒಳಗಿನ ಕಬ್ಬಿಣದ ಕೊಳವೆ ಕಾಣುತ್ತಿರುತ್ತದೆ. ಬೀಳುವಾಗ ಹ್ಯಾಂಡಲ್ ತಿರುಗಿ ಆ ತುದಿಯೇ ಹೊಟ್ಟೆಗೆ ಗುದ್ದುತ್ತದೆ. ಹೊರಗೆ ಎಂಟಾಣೆಯಷ್ಟು ಕೆಂಪು ಗುರುತು; ಒಳಗೆ ಗುಲ್ಮವೋ ಯಕೃತ್ತೋ ಸೀಳಿರಬಹುದು.

ಮುಂದಿನ ವಾಹನಕ್ಕೆ ನೇರ ಗುದ್ದಿದರೆ ಗಾಡಿ ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ. ಮೊದಲು ಸೊಂಟ ಪೆಟ್ರೋಲ್ ಟ್ಯಾಂಕಿಗೆ ಬಡಿಯುತ್ತದೆ. ಸೊಂಟದ ಮೂಳೆಯ ಉಂಗುರ ಬಿರಿದರೆ ರಕ್ತ ಲೀಟರುಗಟ್ಟಲೆ ಒಳಗೇ ಸೋರಬಹುದು. ಆಮೇಲೆ ಎದೆಯ ಸರದಿ: ಮುರಿದ ಪಕ್ಕೆಲುಬು ಶ್ವಾಸಕೋಶಕ್ಕೆ ಚುಚ್ಚಿದರೆ ಎದೆಗೂಡಿನಲ್ಲಿ ಗಾಳಿ ತುಂಬಿ ಉಸಿರು ಕಟ್ಟುತ್ತದೆ. ನಮ್ಮ ಕಡೆ ಸುಗ್ಗಿಯ ರಾತ್ರಿಗಳಲ್ಲಿ ಭತ್ತ, ಹತ್ತಿ ಹೇರಿಕೊಂಡು ಹಿಂಬದಿ ದೀಪವಿಲ್ಲದೆ ಹೋಗುವ ಟ್ರ್ಯಾಕ್ಟರ್ ಟ್ರಾಲಿಗಳ ಹಿಂದಿನ ಅಂಚು ಸರಿಯಾಗಿ ಸವಾರನ ಎದೆಯ ಎತ್ತರಕ್ಕೇ ಸಿಗುತ್ತದೆ. ಎರಡು ರೇಡಿಯಂ ಪಟ್ಟಿ ಅಂಟಿಸಲು ಯಾರಿಗೂ ಬಡತನವಿಲ್ಲ.

ಟ್ಯಾಂಕಿನ ಮೇಲೆ ಕೂತ ಮಗುವನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಪ್ಪನ ಭಾರವೆಲ್ಲ ಹಿಂದಿನಿಂದ, ಹ್ಯಾಂಡಲ್ ಮುಂದಿನಿಂದ. ನಡುವೆ ಅದರ ಎಳೆಯ ಹೊಟ್ಟೆ.

ಬಿದ್ದವರು ಧೂಳು ಕೊಡವಿಕೊಂಡು ‘ಏನೂ ಆಗಿಲ್ಲ ಬಿಡ್ರಿ’ ಅಂತ ಎದ್ದು ಹೋಗುತ್ತಾರೆ. ಗುಲ್ಮದ ರಕ್ತಸ್ರಾವ ಕೆಲವರಲ್ಲಿ ದಿನಗಳು ಕಳೆದ ಮೇಲೂ ಶುರುವಾಗುತ್ತದೆ. ಹೊಟ್ಟೆ ಬಿಗಿದರೆ, ತಣ್ಣನೆಯ ಬೆವರು ಬಂದರೆ, ಪೆಟ್ಟೇ ಬೀಳದ ಎಡಭುಜ ನೋಯುತ್ತಿದ್ದರೆ ತಡ ಮಾಡಬೇಡಿ. 108ಕ್ಕೆ ಕರೆ ಮಾಡಿ, ಹೊಟ್ಟೆಯ ಸ್ಕ್ಯಾನ್ ಆಗಲಿ.

ಖರ್ಚಿಗೆ ಅಂಜುವವರೂ ಇದ್ದಾರೆ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಯಡಿ ಸಿಕ್ಕಿ ಮೈ ಎರಡು ತುಂಡಾದರೂ ‘ನನ್ನ ಕಣ್ಣು ದಾನ ಮಾಡಿ’ ಎಂದು ಕೇಳಿಕೊಂಡ ಬೈಕ್ ಸವಾರ ಹರೀಶ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಗಾಯಾಳುಗಳ ಮೊದಲ 48 ಗಂಟೆಯ ಚಿಕಿತ್ಸೆಗೆ ಯೋಜನೆ ತಂದಿತು. 2025ರ ಮೇ ತಿಂಗಳಿನಿಂದ ಕೇಂದ್ರದ ನಗದುರಹಿತ ಯೋಜನೆಯೂ ಇದೆ: ಏಳು ದಿನ, 1.5 ಲಕ್ಷ ರೂಪಾಯಿವರೆಗೆ.

ಎದೆಗವಚವಿರುವ ಜಾಕೆಟ್ ಪೆಟ್ಟನ್ನು ಹರಡಿ ತಗ್ಗಿಸುತ್ತದೆ, ವೇಗದ ಡಿಕ್ಕಿಯಲ್ಲಿ ಅದೂ ಸಾಲದು. ನಮ್ಮ ಬೇಸಿಗೆಗೆ ಜಾಳಿಗೆ ಬಟ್ಟೆಯದೇ ಸರಿ. ಅದು ಕೈಗೆಟುಕದಿದ್ದರೂ ಗ್ರಿಪ್ ಬದಲಿಸುವುದು ದುಬಾರಿಯಲ್ಲ. ಈ ವಾರವೇ ಹಾಕಿಸಿ, ಮಗುವನ್ನು ಟ್ಯಾಂಕಿನಿಂದ ಇಳಿಸಿ.