ಗಣಿತಸಾರಸಂಗ್ರಹದ ಒಂದು ಸಂಖ್ಯಾಹಾರ

ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ ಕ್ರಿ. ಶ. ೯ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹವೆಂಬ ಸಂಸ್ಕೃತ ಗ್ರಂಥವನ್ನು ಎಂ. ರಂಗಾಚಾರ್ಯರು ೧೯೧೨ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಅದರ ಗುಣಾಕಾರದ ಉದಾಹರಣೆಗಳಲ್ಲಿ ೨೭೯೯೪೬೮೧ನ್ನು ೪೪೧ರಿಂದ ಗುಣಿಸಬೇಕೆಂಬುದು ಒಂದು. ಲಬ್ಧವು ೧೨೩೪೫೬೫೪೩೨೧. ಒಂದರಿಂದ ಆರರವರೆಗೆ ಏರಿ ಮರಳಿ ಒಂದಕ್ಕಿಳಿಯುವ ಈ ರಾಶಿಯನ್ನು ಕಂಡು ಚಮತ್ಕಾರವೆಂದು ತಲೆದೂಗಿ ಮುಂದೆ ಸಾಗುವುದುಂಟು. ಅಷ್ಟರಿಂದಲೇ ಗ್ರಂಥಕಾರನಿಗೆ ನ್ಯಾಯ ದೊರೆತಂತಾಗುವುದಿಲ್ಲ.

ಭಾರವಿಯ ಕಿರಾತಾರ್ಜುನೀಯದ ೧೫ನೆಯ ಸರ್ಗದಲ್ಲಿಯೂ ಮಾಘನ ಶಿಶುಪಾಲವಧದ ೧೯ನೆಯ ಸರ್ಗದಲ್ಲಿಯೂ ಮುಂದಿನಿಂದ ಓದಿದರೂ ಹಿಂದಿನಿಂದ ಓದಿದರೂ ಒಂದೇ ಆಗುವ ಬಂಧಗಳಿವೆ. ಅಲ್ಲಿ ಅಕ್ಷರಗಳ ಆಯ್ಕೆ ಕವಿಯ ಇಚ್ಛೆಗೆ ಸೇರಿದುದು. ಅರ್ಥವು ಪ್ರಯಾಸದಿಂದ ಹಿಂಬಾಲಿಸುತ್ತದೆ. ವ್ಯಂಗ್ಯಾರ್ಥವಿಲ್ಲದ ಕಾರಣ ಮಮ್ಮಟನು ಚಿತ್ರವನ್ನು ಅವರಕಾವ್ಯವೆಂದನು. ನಮ್ಮ ಸಂಖ್ಯೆಯ ಸೊಬಗಾದರೋ ಹೇತುಬದ್ಧವಾದುದು. ಅದು ೧೧೧೧೧೧ರ ವರ್ಗ. ಆರು ಒಂದುಗಳ ಪಂಕ್ತಿಯನ್ನು ಆರು ಸಲ, ಸಲಕ್ಕೊಂದು ಸ್ಥಾನ ಸರಿಸಿ ಬರೆದು ಕೂಡಿದರೆ, ನಡುವಣ ಸ್ಥಾನದಲ್ಲಿ ಆರು ಒಂದುಗಳು ಸೇರುತ್ತವೆ. ಎರಡು ಕಡೆಗೂ ಒಂದೊಂದು ಕಡಮೆಯಾಗುತ್ತ ಹೋಗುತ್ತದೆ. ಯಾವ ಸ್ಥಾನದ ಮೊತ್ತವೂ ಹತ್ತನ್ನು ಮುಟ್ಟದ ಕಾರಣ ಕ್ರಮವು ಕೆಡುವುದಿಲ್ಲ. ಒಂಬತ್ತು ಒಂದುಗಳವರೆಗೆ ಈ ನಿಯಮವು ನಡೆಯುತ್ತದೆ. ಹತ್ತಾದೊಡನೆ ದಶಕವು ಮುಂದಿನ ಸ್ಥಾನಕ್ಕೇರಿ ಹಾರವು ಹರಿಯುತ್ತದೆ.

ಇನ್ನು ಗುಣ್ಯಗುಣಕಗಳನ್ನು ಪರೀಕ್ಷಿಸೋಣ. ೧೧೧೧೧೧ರ ಅವಿಭಾಜ್ಯ ಅಪವರ್ತನಗಳು ೩, ೭, ೧೧, ೧೩, ೩೭. ಮೊದಲೆರಡರ ಗುಣಲಬ್ಧ ೨೧. ಅದರ ವರ್ಗವೇ ೪೪೧. ಉಳಿದ ಮೂರರ ಗುಣಲಬ್ಧ ೫೨೯೧. ಅದರ ವರ್ಗವೇ ೨೭೯೯೪೬೮೧. ಅದೇ ಪ್ರಕರಣದ ೧೫೨೨೦೭ನ್ನು ೭೩ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು ಬರುತ್ತದೆ. ಇಂತಹವು ಕೈಗೆ ಸಿಕ್ಕಿದ ಅಂಕಗಳನ್ನು ಗುಣಿಸಿದಾಗ ಅಕಸ್ಮಾತ್ತಾಗಿ ಒದಗುವುವಲ್ಲ. ಆಚಾರ್ಯನು ಮೊದಲು ಫಲವನ್ನು ಸಂಕಲ್ಪಿಸಿ, ಬಳಿಕ ಅದನ್ನು ಭೇದಿಸಿ ಪ್ರಶ್ನೆಯನ್ನು ಕಟ್ಟಿದನೆಂದೇ ತೋರುತ್ತದೆ. ಇದು ಗ್ರಂಥಸ್ಥವಾದ ವಚನವಲ್ಲ, ಸಂಖ್ಯೆಗಳಿಂದ ಹೊರಡುವ ಅನುಮಾನ. ಇದರ ಬಲದಿಂದ ಆಧುನಿಕ ಸಂಖ್ಯಾಸಿದ್ಧಾಂತವನ್ನೆಲ್ಲ ಅವನ ಮೇಲೆ ಆರೋಪಿಸುವುದು ಅತಿವ್ಯಾಪ್ತಿಯಾದೀತು.

ಈ ಸೊಬಗಿಗೆ ಪ್ರಯೋಜನವೂ ಉಂಟು. ಗುಣಾಕಾರದಲ್ಲಿ ಒಂದೇ ಒಂದು ಅಂಕ ತಪ್ಪಿದರೂ ಹಾರದ ಮಣಿಯೊಂದು ಕದಲುತ್ತದೆ. ಉಪಾಧ್ಯಾಯನು ಹೇಳುವ ಮೊದಲೇ ಶಿಷ್ಯನಿಗೆ ತನ್ನ ದೋಷವು ಗೋಚರವಾಗುತ್ತದೆ. ಪದಗಳಲ್ಲಿ ಹೇಳಿದ ಅಂಕಗಳನ್ನು ಬಲದಿಂದ ಎಡಕ್ಕೆ ಬರೆಯುವ ನಮ್ಮ ಸಂಪ್ರದಾಯದಲ್ಲಿ, ಕ್ರಮವನ್ನು ಮರೆತು ಎಡದಿಂದ ಬರೆದರೂ ಇಂತಹ ಸಂಖ್ಯೆಯು ವಿಕಾರಗೊಳ್ಳುವುದಿಲ್ಲ. ಶಬ್ದಚಿತ್ರದಲ್ಲಿ ಅಲಂಕಾರವು ಅರ್ಥಕ್ಕೆ ಭಾರವಾಗುತ್ತದೆ. ಇಲ್ಲಿ ಅಲಂಕಾರವೇ ಅರ್ಥಕ್ಕೆ ಕಾವಲಾಗಿದೆ. ಮಹಾವೀರಾಚಾರ್ಯನನ್ನು ವಿನೋದಕಾರನೆಂದು ಕೊಂಡಾಡುವುದಕ್ಕಿಂತ, ಫಲವನ್ನರಿತು ಪಾಠವನ್ನು ಯೋಜಿಸಿದ ಆಚಾರ್ಯನೆಂದು ಓದುವುದೇ ಯುಕ್ತ.